ರಮಾಬಾಯಿ ಕಟ್ಟುವ ಪಟ್ಟಿ

ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ. ಕಲಬುರಗಿಯ ಆಸ್ಪತ್ರೆಯೊಂದರ ಡ್ರೆಸಿಂಗ್ ಕೋಣೆಯಲ್ಲಿ ರಮಾಬಾಯಿ, ಇಕ್ಬಾಲ್ ಬೇಗಂ ಅವರ ಕಿವಿಯ ಕೆಳಗಿನ ಪಟ್ಟಿ ಬಿಚ್ಚುತ್ತಾರೆ. ಒಳಗಿನ ಹತ್ತಿ ತೊಯ್ದಿದೆ. "ಇವತ್ತೂ ಹಸಿ," ಎಂದು ಗೊಣಗುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ.

ಶಹಾಬಜಾರದ ಇಕ್ಬಾಲ್ ಬೇಗಂಗೆ ಜೊಲ್ಲುಗ್ರಂಥಿಯ ಗಡ್ಡೆ ತೆಗೆದು ಇಪ್ಪತ್ತೆರಡು ದಿನ. ತುತ್ತು ಬಾಯಿಗಿಟ್ಟಾಗಲೆಲ್ಲ ಹೊಲಿಗೆಯ ಸಂದಿನಿಂದ ಜೊಲ್ಲು ಸೋರುತ್ತದೆ. ನಾಚಿಕೆಗೆ ಮನೆಯವರೊಡನೆ ಊಟಕ್ಕೆ ಕೂಡುವುದನ್ನೇ ಬಿಟ್ಟಿದ್ದಾರೆ. ಇನ್ನೊಂದು ವಾರದಲ್ಲಿ ನಿಲ್ಲದಿದ್ದರೆ ಮತ್ತೆ ಆಪರೇಷನ್ ಎಂದಿದ್ದಾರೆ ಡಾಕ್ಟರು.

ಡಾಕ್ಟರ ಹೆಸರು ಬಾಗಿಲ ಮೇಲಿದೆ. ಪಟ್ಟಿ ಕಟ್ಟುವವರ ಹೆಸರು ಎಲ್ಲೂ ಇಲ್ಲ. ಐವತ್ತೊಂದರ ರಮಾಬಾಯಿ ಹತ್ತೊಂಬತ್ತು ವರ್ಷಗಳಿಂದ ಕಮಲಾಪುರದ ಮೊದಲ ಬಸ್ಸಿಗೆ ಬರುತ್ತಾರೆ, ದಿನಕ್ಕೆ ನಲವತ್ತು ಗಾಯ ನೋಡುತ್ತಾರೆ. ಈ ಪಟ್ಟಿ ಸಡಿಲಾದರೆ ಜೊಲ್ಲು ಚರ್ಮದಡಿ ತುಂಬುತ್ತದೆ, ಬಿಗಿಯಾದರೆ ನೋವು. ಒಂದು ಬೆರಳು ಮಾತ್ರ ತೂರಬೇಕು, ಅದೇ ಅವರ ಅಳತೆ.

"ಖರೆ ಹೇಳ್ರಿ ಅಮ್ಮಾ, ನಿನ್ನೆ ಏನ್ ಉಂಡ್ರಿ?"

ಉತ್ತರಿಸುವವಳು ಸೊಸೆ ಅಫ್ರೀನ್. "ಬಾಯಿಗಿ ರುಚೀನೇ ಇಲ್ಲ ಅಂದ್ರು ರೀ. ಪುಂಡಿಪಲ್ಯ ಮೆತ್ತಗಿರ್ತದಲ್ಲ, ರೊಟ್ಟಿ ನೆನೆಸಿ ದಿನಾ ಅದನ್ನೇ ಕೊಡಾಕತ್ತೀನಿ."

ರಮಾಬಾಯಿ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯ ನನ್ನವ್ವಾ! ಹುಳಿ ತಿಂದ್ರ ನಮಗ ಬಾಯಾಗ ನೀರು ಬರ್ತದ, ಇವರಿಗಿ ಕಿವಿ ಕೆಳಗ ಬರ್ತದ. ಲಿಂಬಿ ಬ್ಯಾಡ, ಉಪ್ಪಿನಕಾಯಿ ಬ್ಯಾಡ ಅಂತ ಹೇಳಿದ್ದೆ. ಪುಂಡಿಪಲ್ಯದ ಹೆಸರೇ ಹೇಳಲಿಲ್ಲ. ತಪ್ಪು ನಂದೇ."

ಪುಂಡಿ ಹುಳಿ ಸೊಪ್ಪೇ. ಆದರೂ ಈ ಊರಲ್ಲಿ ಪುಂಡಿಪಲ್ಯವನ್ನು ಯಾರೂ ಹುಳಿಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದು ದಿನದ ಊಟ. ರಮಾಬಾಯಿ ತಮ್ಮ ಚೀಲದಿಂದ ಕಮಲಾಪುರದ ಎರಡು ಕೆಂಪು ಬಾಳೆಹಣ್ಣು ತೆಗೆದು ಅಫ್ರೀನ್ ಕೈಗಿಡುತ್ತಾರೆ. "ಇದು, ಗಂಜಿ, ಹಾಲನ್ನ. ಇಷ್ಟೇ ಕೊಡವ್ವಾ."

ಆರನೇ ದಿನ ನಾನು ಮತ್ತೆ ಹೋಗುತ್ತೇನೆ. ಹಾಲನ್ನ ಉಂಡು ಅರ್ಧ ತಾಸಾಗಿದೆ. ರಮಾಬಾಯಿ ಪಟ್ಟಿ ಬಿಚ್ಚಿ ಹತ್ತಿಯನ್ನು ಹೊಲಿಗೆಯ ಮೇಲೆ ಒತ್ತಿ, ಬೆಳಕಿಗೆ ಹಿಡಿಯುತ್ತಾರೆ. ಒಣಗಿದೆ. ಇಕ್ಬಾಲ್ ಬೇಗಂ ಗಳಗಳ ಅಳುತ್ತಾರೆ. ಮತ್ತೆ ಕೊಯ್ಯುವುದು ಬೇಡ ಎಂದು ಡಾಕ್ಟರು ಬಂದು ಹೇಳುತ್ತಾರೆ.

"ಪೂರಾ ಆರಾಮಾದ ಮ್ಯಾಲ ಪುಂಡಿಪಲ್ಯ ಮಾಡಸ್ತೀನಿ. ಬರ್ಬೇಕು ನೀ," ಎಂದು ಇಕ್ಬಾಲ್ ಬೇಗಂ ಕಣ್ಣೊರೆಸಿಕೊಂಡು ರಮಾಬಾಯಿಗೆ ಹೇಳುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ರಮಾಬಾಯಿ ಕೈ ತೊಳೆಯುತ್ತಲೇ ಹೇಳುತ್ತಾರೆ: "ಇಷ್ಟ್ ವರ್ಷ ಪಟ್ಟಿ ಕಟ್ಟೀನ್ರೀ, ವಾಸಿ ಆದವರು ಉಣ್ಣೂದು ಒಮ್ಮೆನೂ ನೋಡಿಲ್ಲ. ಈ ಅಮ್ಮನ ಎದುರಿಗಿ ಕುಂತು ಉಣಬೇಕು."