ಬೆನ್ನ ಮೇಲೆ ಎರಡು ತಟ್ಟು

ಬೆಳಗಿನ ಐದೂಕಾಲು. ಬೀದಿಯಲ್ಲಿ ಇನ್ನೂ ಒಂದು ಗಾಡಿಯೂ ಕದಲಿಲ್ಲ. ಕಮ್ಮಾರ ಮೋಟು ಸ್ಟೂಲಿನ ಮೇಲೆ ಕೂತು, ದನದ ಕೊರಳಿಗೆ ಕಟ್ಟುವ ತಗಡಿನ ಗಂಟೆಯ ಬಾಯಂಚನ್ನು ಬಡಿಯುತ್ತಿದ್ದಾರೆ. ಹಿಂದೆ ಕೂತ ಹೆಂಡತಿಯ ಅಂಗೈ ಅವರ ಬೆನ್ನ ಮೇಲಿದೆ. ಒಂದು ತಟ್ಟಿದರೆ ಇನ್ನೂ ಬಡಿ ಎಂದು; ಎರಡು ತಟ್ಟಿದರೆ ನಾದ ಕೂಡಿತು, ಸಾಕು ಎಂದು. ಕಮ್ಮಾರನಿಗೆ ಕಿವಿ ಹೋಗಿ ಹತ್ತೊಂಬತ್ತು ವರ್ಷ. ಅಂದಿನಿಂದ ಇಲ್ಲಿನ ಗಂಟೆಗಳಿಗೆಲ್ಲ ಈ ಅಜ್ಜಿಯದೇ ಕಿವಿ. ಇವತ್ತು ಆ ಕಿವಿಗಳ ಮೇಲೆ ಕಪ್ಪು ಹೆಡ್‌ಫೋನ್ ಇದೆ.

ಅದು ಕಾಲೇಜಿನದು. ಅಳಿಯುತ್ತಿರುವ ಕಸುಬಿನ ಬಗ್ಗೆ ಏಳು ನಿಮಿಷದ ಸಾಕ್ಷ್ಯಚಿತ್ರ ಮಾಡಲು ಇಬ್ಬರು ವಿದ್ಯಾರ್ಥಿಗಳು ನಾಲ್ಕು ದಿನದಿಂದ ಇಲ್ಲಿದ್ದಾರೆ. ಮೊದಲ ದಿನ ಕ್ಯಾಮೆರಾದ ಹುಡುಗ, "ಅಜ್ಜಿ, ಸ್ವಲ್ಪ ಆಚೆ ಹೋಗಿ, ಅಡ್ಡ ಬರ್ತೀರ" ಅಂದ. ಅಜ್ಜಿ ಬಾಗಿಲಿಗೆ ಹೋಗಿ ನಿಂತರು. ತಟ್ಟುವವರಿಲ್ಲದೆ ಕಮ್ಮಾರ ಬಡಿದೇ ಬಡಿದರು. ಅಂಚು ಹಾಳೆಯಷ್ಟು ತೆಳುವಾಗಿ ಸೀಳಿತು.

"ನನ್ನ ಕಿವೀನ ಬಾಗಿಲಲ್ಲಿ ನಿಲ್ಲಿಸಿದ್ಯಲ್ಲಪ್ಪ!" ಅಂದರು ಕಮ್ಮಾರ.

ಹುಡುಗ ತಲೆತಗ್ಗಿಸಿದ. ಅಜ್ಜಿಯನ್ನು ಸಮಾಧಾನಪಡಿಸಲೆಂದು ಧ್ವನಿ ಹಿಡಿಯುವ ಹುಡುಗಿ, ಆ ಬೆಳಿಗ್ಗೆ ಅವರೇ ಪಾಸು ಮಾಡಿದ್ದ ಗಂಟೆಯ ಸದ್ದನ್ನು ಹೆಡ್‌ಫೋನಿನಲ್ಲಿ ದೊಡ್ಡದಾಗಿ ಕೇಳಿಸಿದಳು. ಅಜ್ಜಿಯ ಮುಖ ಬಾಡಿತು. "ಇನ್ನೊಂದ್ಸಲ ಹಾಕು ಮಗಳೇ." ಮೂರು ಸಲ ಕೇಳಿದರು. ಒಳ್ಳೆಯ ಗಂಟೆಯ ನಾದ ಕೊನೆಗೆ ಒಂದೇ ಎಳೆಯಾಗಿ ಕರಗಬೇಕು. ಇದರ ಕೊನೆಯಲ್ಲಿ ಮರಳು ಕರಕರಿಸಿದಂತಿತ್ತು. ಆ ಕೊನೆ ತಮಗೆ ಕೇಳುವುದು ಯಾವತ್ತೋ ನಿಂತುಹೋಗಿದೆ ಎಂದು ಅವರಿಗೆ ಆಗ ತಿಳಿಯಿತು.

ವ್ಯಾಪಾರಿಗಾಗಿ ಇಪ್ಪತ್ನಾಲ್ಕು ಗಂಟೆಗಳು ಸಿದ್ಧವಾಗಿ ತೂಗುತ್ತಿದ್ದವು. ಒಂದೊಂದನ್ನೇ ಬಾರಿಸಿ ಹೆಡ್‌ಫೋನಿನಲ್ಲಿ ಕೇಳಿದರು. ಒಂಬತ್ತನ್ನು ಬೇಡವೆಂದು ಇಳಿಸಿದರು.

"ಕೋಣನ ಮುಂದೆ ಕಿನ್ನರಿ ಅಂತ ಜನ ನಗ್ತಾರೆ. ಗಂಟೆ ವಿಷಯದಲ್ಲಿ ಕೋಣಕ್ಕೇ ಗೊತ್ತಾಗೋದು. ಮಂಜಲ್ಲಿ ಮುಂದಿನದರ ಗಂಟೆ ಕೇಳ್ಕೊಂಡೇ ಹಿಂದಿನದು ನಡಿಯುತ್ತೆ. ನಾನು ಕಳಿಸಿದ್ದು ಕಟ್ಕೊಂಡು ಯಾವ್ಯಾವುದು ದಾರಿ ತಪ್ಪಿತೋ."

ಗಂಡನಿಗೆ ನೆಲದ ಬೂದಿಯಲ್ಲಿ ಬರೆದು ತಿಳಿಸಿದರು. ಅವರು ಬಾಗಿ ಓದಿದರು. "ನಿನಗೂ ಹೋಯ್ತೇನೇ? ಬಿಡು, ಇನ್ಮೇಲೆ ನಾನು ಬೈದದ್ದಕ್ಕೆ ಸಾಕ್ಷಿ ಇಲ್ಲ." ಅವರೊಬ್ಬರೇ ನಕ್ಕರು.

ಅಜ್ಜಿ ಹದಿನೇಳಕ್ಕೆ ಮದುವೆಯಾಗಿ ಬಂದಾಗ ಈ ಓಣಿಯಲ್ಲಿ ಹನ್ನೊಂದು ಕುಲುಮೆಗಳಿದ್ದವು. ಈ ಮನೆಯೊಂದರಿಂದಲೇ ದಿನಕ್ಕೆ ಇಪ್ಪತ್ತು ಗಂಟೆ ಹೊರಡುತ್ತಿದ್ದವು. ಈಗ ಉಳಿದಿರುವುದು ಇದೊಂದೇ ಕುಲುಮೆ, ದಿನಕ್ಕೆ ಆರೇ ಗಂಟೆಗಳು. ಮರುದಿನ ಅಜ್ಜಿ ತೋರಿಸಿಕೊಂಡಾಗ, ಸುತ್ತಿಗೆ ಸದ್ದು ಬಿಡದಿದ್ದರೆ ಕಿವಿಯಲ್ಲಿ ಉಳಿದದ್ದೂ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಕಿವಿಗೆ ಹಾಕುವ ಯಂತ್ರವನ್ನೂ ಕೊಟ್ಟು ನೋಡಿದರು. "ಸುತ್ತಿಗೆ ಏಟು ತಲೆ ಒಳಗೇ ಬೀಳುತ್ತೆ" ಎಂದು ಅಜ್ಜಿ ತೆಗೆದಿಟ್ಟರು. ಈ ಹುಡುಗಿಯಾದರೆ ಏಟು ಬೀಳುವಾಗ ಸದ್ದು ತಗ್ಗಿಸಿ, ನಾದ ಏಳುವಾಗ ಹೆಚ್ಚಿಸುತ್ತಾಳೆ. ಆದರೆ ಇವತ್ತು ಸಂಜೆ ಸಲಕರಣೆಗಳು ಕಾಲೇಜಿಗೆ ಹಿಂತಿರುಗಬೇಕು.

"ನಾಳೆ ಕುಲುಮೆ ಹಚ್ಚಲ್ಲ" ಅನ್ನುತ್ತಾರೆ ಅಜ್ಜಿ. "ಕೇಳಿಸದೆ ಎರಡು ತಟ್ಟಿದ್ರೆ ಅದು ಸುಳ್ಳು ಹೇಳಿದ ಹಾಗೆ. ಅದೂ ಇವರ ಬೆನ್ನ ಮೇಲೆ."

ಬಡಿಯುತ್ತಿರುವುದು ಕೊನೆಯ ಗಂಟೆ. ಹುಡುಗ ಈಗ ಕ್ಯಾಮೆರಾವನ್ನು ಅಜ್ಜಿಯ ಕೈಯತ್ತಲೇ ತಿರುಗಿಸಿ ಹಿಡಿದಿದ್ದಾನೆ. ಪದ್ಯದ ಕೊನೆಯ ಸಾಲಿಗೆ ಕಾಯುವವರಂತೆ ಅವರು ಕಣ್ಣು ಮುಚ್ಚಿದ್ದಾರೆ. ಒಂದು ತಟ್ಟು. ಒಂದು. ಮತ್ತೆ ಒಂದು. ತುಂಬ ತಡೆದು, ಎರಡು. ಕಮ್ಮಾರ ಸುತ್ತಿಗೆ ಕೆಳಗಿಡುತ್ತಾರೆ.

ಅಜ್ಜಿ ಹೆಡ್‌ಫೋನ್ ತೆಗೆದು, ಸೆರಗಿನಿಂದ ಒರೆಸಿ, ಹುಡುಗಿಯ ಕೈಗಿಡುತ್ತಾರೆ.

"ಸಿನಿಮಾದಲ್ಲಿ ಇದರ ಸದ್ದು ಪೂರ್ತಿ ಮುಗಿಯೋತನಕ ಮೇಲೆ ಹಾಡುಗೀಡು ಹಾಕಬೇಡ ಮಗಳೇ. ಕೊನೆ ಚೆನ್ನಾಗಿದೆ. ನಾನೇ ಕೇಳಿದೀನಿ."