ಶುಕ್ರವಾರ ಬಟ್ಟೆ ಮಾರುವ ಶೆಟ್ರು

ಪತ್ರಿಕೆಯ ದೊಡ್ಡ ಸುದ್ದಿಗಳನ್ನು ಬಿಟ್ಟು ಮೂಲೆಯ ನಾಲ್ಕು ಸಾಲುಗಳನ್ನೇ ಮೊದಲು ಓದುವುದು ನನ್ನ ಹಳೆಯ ಚಟ. ಎಂಬತ್ತರ ದಶಕದ ಆರಂಭದಲ್ಲಿ ಅಂಥದೊಂದು ಮೂಲೆಯಲ್ಲಿ, ಗ್ರೀನ್‌ಲ್ಯಾಂಡ್ ಎಂಬ ಹಿಮದ ದ್ವೀಪದ ಜನ ಯುರೋಪಿನ ಒಕ್ಕೂಟವೇ ಬೇಡವೆಂದು ಮತ ಹಾಕಿದ ಸುದ್ದಿಯಿತ್ತು. ಮುಖ್ಯ ಕಾರಣ, ಮೀನು. ತಮ್ಮ ಕಡಲಿನಲ್ಲಿ ಯಾರು ಎಷ್ಟು ಹಿಡಿಯಬೇಕೆಂದು ದೂರದ ಕಚೇರಿಯೊಂದು ಹೇಳುವುದು ಅವರಿಗೆ ಒಗ್ಗಲಿಲ್ಲವಂತೆ. ಮೀನಿಗಾಗಿ ಒಕ್ಕೂಟ ಬಿಟ್ಟರು ಎಂದರೆ ಮಂಗಳೂರಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಯಾವ ಮೀನು ಎಂದಷ್ಟೇ ಕೇಳುತ್ತಾರೆ.

ನನಗೆ ಮಾತ್ರ ಆ ಸುದ್ದಿ ಚುಚ್ಚಿತು. ಅದೇ ವಾರ ಕಂಕನಾಡಿಯ ನಮ್ಮ ಸಾಲಿನ ಹನ್ನೊಂದು ಅಂಗಡಿಯವರೂ ಪೇಟೆಯ ವರ್ತಕರ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಮತ ಹಾಕುವುದಿತ್ತು. ಪುಸ್ತಕ, ಪೆನ್ಸಿಲು ಮಾರುವ ನಾನು ಸಾಲಿನ ಕಾರ್ಯದರ್ಶಿ. ನಾಲ್ಕು ಇಂಗ್ಲಿಷ್ ಪದ ಬಲ್ಲವನಿಗೆ ಊರವರು ಕೊಡುವ ಶಿಕ್ಷೆಗೆ ಆ ಹೆಸರು. ನಾನೋ ಅದನ್ನು ಸನ್ಮಾನವೆಂದೇ ತಿಳಿದಿದ್ದೆ.

ಒಕ್ಕೂಟದಿಂದ ಲಾಭ ಕಡಿಮೆಯಿರಲಿಲ್ಲ. ಬೊಂಬಾಯಿಯಿಂದ ಎಲ್ಲರ ಸರಕೂ ಒಂದೇ ಲಾರಿಯಲ್ಲಿ ಬರುತ್ತಿತ್ತು. ಲಾರಿ ಕೂಳೂರು ಸೇತುವೆ ದಾಟಿತೆಂದು ತಿಳಿದರೆ ಸಾಲಿಗೆ ಸಾಲೇ ಬೀದಿಗಿಳಿಯುತ್ತಿತ್ತು. ತೊಂದರೆ ತಂದದ್ದು ಒಂದು ಹೊಸ ನಿಯಮ. ಪೇಟೆಯ ಇನ್ನೆಲ್ಲೋ ಇಬ್ಬರು ಜಗಳವಾಡಿಕೊಂಡದ್ದಕ್ಕೆ ಒಕ್ಕೂಟ, ಮಾಲೀಕನಿಲ್ಲದಾಗ ಅಂಗಡಿಗೆ ಬೀಗ ಹಾಕಬೇಕು, ಬೇರೆ ಸದಸ್ಯ ಅಲ್ಲಿ ಕೂತು ವ್ಯಾಪಾರ ಮಾಡಕೂಡದು ಎಂದು ಎಲ್ಲರಿಗೂ ಕಟ್ಟುಮಾಡಿತು.

ನಮ್ಮ ಸಾಲು ನಡೆಯುತ್ತಿದ್ದದ್ದೇ ಹಾಗೆ ಕೂತು. ಜವಳಿ ಅಂಗಡಿಯ ಹಸನಬ್ಬ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೊರಟರೆ ಪಕ್ಕದ ಹೋಟೆಲಿನ ಶೆಟ್ರು ಅವರ ಗಾದಿಯ ಮೇಲೆ ಕೂರುತ್ತಿದ್ದರು. ಶೆಟ್ರು ಕುಟುಂಬದ ಭೂತಕೋಲಕ್ಕೆಂದು ಊರಿಗೆ ಹೋದ ದಿನ ಹೋಟೆಲಿನ ಗಲ್ಲಾದಲ್ಲಿ ಹಸನಬ್ಬ. ಇಬ್ಬರಿಗೂ ಇನ್ನೊಬ್ಬರ ಕಸುಬು ಬರುತ್ತಿರಲಿಲ್ಲ. ಸೀರೆ ನೋಡಲು ಬಂದವರನ್ನು ಶೆಟ್ರು ಅಭ್ಯಾಸಬಲದಿಂದ, “ಊಟವಾ, ತಿಂಡಿಯಾ?” ಎಂದು ಕೇಳಿಬಿಡುತ್ತಿದ್ದರು. ಹಸನಬ್ಬ ಕಟ್ಟಿಕೊಟ್ಟ ಗೋಳಿಬಜೆಯ ಪೊಟ್ಟಣ ಮದುವೆಯ ಸೀರೆಯಷ್ಟು ನೀಟಾಗಿರುತ್ತಿತ್ತು, ಬಿಚ್ಚಲು ಮನಸ್ಸಾಗುತ್ತಿರಲಿಲ್ಲ.

ನಿಯಮ ಬಂದ ಮೊದಲ ಶುಕ್ರವಾರ ಹಸನಬ್ಬ ಬಾಗಿಲೆಳೆದು ಬೀಗ ಹಾಕಿದರು. ಎಂದಿನಂತೆ ಕೈ ಒರೆಸಿಕೊಂಡು ಬಂದ ಶೆಟ್ರು ಆ ಬೀಗವನ್ನೇ ನೋಡುತ್ತ ನಿಂತರು.

“ಎಂತ ಹಸನಬ್ಬ, ನನ್ನ ಮೇಲೆ ಸಂಶಯ ಉಂಟಾ ನಿಮಗೆ?”

“ಸಂಶಯ ಎಂತದು ಮಾರಾಯ್ರೆ, ರೂಲ್ಸ್ ಅಲ್ವಾ,” ಎಂದು ಹಸನಬ್ಬ ತಲೆತಗ್ಗಿಸಿ ನಡೆದರು.

ಆ ಸಂಜೆ ಇಬ್ಬರೂ ಚಹಾ ಒಟ್ಟಿಗೆ ಕುಡಿಯಲಿಲ್ಲ. ಮರುದಿನವೂ ಇಲ್ಲ. ಇಪ್ಪತ್ತು ವರ್ಷದ ಸ್ನೇಹ ಹೀಗೆ ಒಂದು ಬೀಗಕ್ಕೆ ಸಿಕ್ಕಿಕೊಂಡದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆದರೂ ಸಭೆಯಲ್ಲಿ ಒಕ್ಕೂಟದ ಪರವಾಗಿಯೇ ಮಾತಾಡಿದೆ. ಕಾರ್ಯದರ್ಶಿಯಲ್ಲವೇ! ಒಗ್ಗಟ್ಟಿನಲ್ಲಿ ಬಲವಿದೆ ಎಂದೆ. ಹನ್ನೊಂದೇ ಅಂಗಡಿಯ ದನಿ ಸರಕಾರದ ಕಿವಿಗೆ ಸೊಳ್ಳೆಯ ದನಿ ಎಂದೆ. ಒಡೆದ ಕೂಡುಕುಟುಂಬಗಳ ಕತೆ ಹೇಳಿದೆ. ಹಿಮದ ದ್ವೀಪದವರು ಮುಂದೊಂದು ದಿನ ಪಶ್ಚಾತ್ತಾಪ ಪಡುತ್ತಾರೆಂದು ಭವಿಷ್ಯವನ್ನೂ ನುಡಿದೆ. ಹೀಗೆ ಮುಕ್ಕಾಲು ಗಂಟೆ. ಕೊನೆಗೆ ಶೆಟ್ರು ಎದ್ದರು.

“ನೀವು ಹೇಳಿದ್ದೆಲ್ಲ ಸರಿ ಉಂಟು. ಆದರೆ ಶುಕ್ರವಾರ ಮಧ್ಯಾಹ್ನ ನಾನು ಎಲ್ಲಿ ಕೂತುಕೊಳ್ಳುವುದು?”

ನಾನು ಮತಕ್ಕೆ ಹೊತ್ತಾಯಿತೆಂದೆ. ಬಿಸ್ಕತ್ತಿನ ಡಬ್ಬಿಯನ್ನು ಮತಪೆಟ್ಟಿಗೆ ಮಾಡಿ ಚೀಟಿ ಹಂಚಿದೆ. ಯಾರ ಮತ ಯಾರಿಗೂ ತಿಳಿಯಬಾರದೆಂಬ ಏರ್ಪಾಡು ನನ್ನದೇ. ಆಮೇಲೆ ಒಂದೊಂದೇ ಚೀಟಿ ಬಿಚ್ಚಿ ಓದಿದೆ. ಬಿಡುವ, ಬಿಡುವ, ಬಿಡುವ... ಹನ್ನೊಂದಕ್ಕೆ ಹನ್ನೊಂದೂ ಬಿಡುವ! ಎಲ್ಲರೂ ಒಂದೇ ಕಡೆಗೆ ಹಾಕಿದರೆ ಯಾರ ಗುಟ್ಟೂ ಉಳಿಯುವುದಿಲ್ಲವೆಂದು ಈ ಬುದ್ಧಿವಂತನಿಗೆ ಮೊದಲೇ ಹೊಳೆದಿರಲಿಲ್ಲ. ಹತ್ತು ಜನ ತಿರುಗಿ ನನ್ನನ್ನು ನೋಡಿದರು. “ಓ, ನೀವೂವಾ ಮಾರಾಯ್ರೆ?” ಎಂದು ಹಸನಬ್ಬ ನಕ್ಕದ್ದೇ ತಡ, ಶೆಟ್ರು ನಗುತ್ತ ಅವರ ಬೆನ್ನಿಗೊಂದು ಗುದ್ದಿದರು.

ಒಕ್ಕೂಟದಲ್ಲಿ ಏಕಿರಬೇಕೆಂದು ಕೇಳಿ, ಈಗಲೂ ಮುಕ್ಕಾಲು ಗಂಟೆ ಮಾತಾಡಬಲ್ಲೆ. ಏಕೆ ಬಿಟ್ಟೆ ಎಂದರೆ ಹೇಳುವುದಕ್ಕೆ ಒಂದು ವಾಕ್ಯವೂ ನೆಟ್ಟಗೆ ಕೂಡಿಬರುವುದಿಲ್ಲ. ಆಮೇಲೆ ಸರಕು ತಡವಾಗಿ ಬರತೊಡಗಿತು, ಅದು ನಿಜ. ಆದರೆ ಮುಂದಿನ ಶುಕ್ರವಾರ ಶೆಟ್ರು ಗಾದಿಯ ಮೇಲೆ ಪದ್ಮಾಸನ ಹಾಕಿ, ಲುಂಗಿ ಕೇಳಿದ ಗಿರಾಕಿಗೆ ಮೇಜುಬಟ್ಟೆ ಹೊಗಳುತ್ತಿದ್ದರು. ನಾನು ಅದನ್ನು ನೋಡುತ್ತ ಒಂದು ಗಂಟೆ ಅಲ್ಲೇ ನಿಂತಿದ್ದೆ. ಅಷ್ಟು ಹೊತ್ತು ನನ್ನ ಅಂಗಡಿಯಲ್ಲಿ ಯಾರು ಕೂತಿದ್ದರೋ, ಕೇಳುವ ನೆನಪೇ ಆಗಲಿಲ್ಲ.