ಚಿತ್ತಮ್ಮ ಕೇಳದೇ ಇದ್ದ ಮಾತು

ಚಿತ್ತಮ್ಮನವರನ್ನು ನಾನು ಮೊದಲು ನೋಡಿದ್ದು ಹಿರಿಯೂರಿನಲ್ಲಿ, ವೇದಾವತಿ ಸೇತುವೆಯ ಆಚೆ ಇದ್ದ ಒಂದು ತಗಡಿನ ಶೆಡ್ಡಿನಲ್ಲಿ. ಬಿಸಿಲು ಏರುತ್ತಿದ್ದ ಫೆಬ್ರವರಿ ತಿಂಗಳು. ನಮ್ಮೂರು ಐಮಂಗಲದವರು ಪೌರಾಣಿಕ ನಾಟಕ ಆಡುವವರಿದ್ದರು. ನಾನು ಹಿರಿಯೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದುದರಿಂದ ಬಾಡಿಗೆ ಪರದೆ ಗೊತ್ತು ಮಾಡುವ ಕೆಲಸ ನನಗೆ ಬಿದ್ದಿತ್ತು. ಬಾಗಿಲ ಮೇಲೆ ‘ಮುರುಗಪ್ಪ ಆರ್ಟ್ಸ್, ಡ್ರಾಮಾ ಸೀನರಿ’ ಎಂಬ ಬೋರ್ಡು. ಒಳಗೆ ಬಿದಿರಿಗೆ ಸುತ್ತಿದ ಪರದೆಗಳು ಗೋಡೆಯ ಉದ್ದಕ್ಕೂ ಮಲಗಿದ್ದವು. ನೆಲದ ತುಂಬ ಕಾಡಿನ ಸೀನು ಹಾಸಿತ್ತು. ಅದರ ನಡುವೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಇಲಿ ಕಡಿದ ತೂತಿಗೆ ಬಟ್ಟೆ ಅಂಟಿಸುತ್ತಿದ್ದರು. ಬೆರಳಲ್ಲೆಲ್ಲ ಅಂಟು.

“ಚಪ್ಪಲಿ ಅಲ್ಲೇ ಬಿಟ್ಟು ಬರ್ರಿ. ಮರ ತುಳೀಬ್ಯಾಡ್ರಿ,” ಅಂದರು.

ಕಾಲಿಡಬೇಕಾದಲ್ಲೆಲ್ಲ ಮರವೇ ಇತ್ತು. ಬಾಗಿಲಲ್ಲೇ ನಿಂತೆ.

“ಮುರುಗಪ್ಪನವರು ಇದ್ದಾರಾ?”

“ತೀರಿಕ್ಯಂಡು ಬಾಳ ವರ್ಷ ಆತು. ಬಂದೋರೆಲ್ಲಾ ಹಂಗೇ ಕೇಳ್ತಾರೆ. ಏನು ಬೇಕಿತ್ತು?”

“ಪರದೆ ಬೇಕಿತ್ತು, ಬಾಡಿಗೆಗೆ.”

“ಹಂಗಾರೆ ಕುಂತ್ಕಳ್ರಿ. ಆತ ಇಲ್ದಿದ್ರೂ ಪರದೆ ಅವೆ.”

ಆಮೇಲೆ ಸಂಜೆ ಕಾಲೇಜು ಮುಗಿಸಿ ಆಗಾಗ ಅಲ್ಲಿಗೆ ಹೋಗತೊಡಗಿದೆ. ಚಿತ್ತಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನವರು, ಕುರಿ ಸಾಕುವ ಮನೆಯ ಮಗಳು. ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ನೂಲು ಗಟ್ಟಿಯಾಗಲಿ ಅಂತ ಹುಣಸೆ ಬೀಜದ ಗಂಜಿ ಕಾಯಿಸಿ ಬಳಿಯುವುದು ಅವರ ಕೆಲಸವಾಗಿತ್ತು. ಪರದೆ ಬರೆಯಲು ಆ ಊರಿಗೆ ಬಂದ ಮುರುಗಪ್ಪನವರಿಗೆ ಒಂದು ಕಾಟ ಇತ್ತು: ಸುತ್ತಿ ಬಿಚ್ಚಿದಾಗೆಲ್ಲ ಬಣ್ಣ ಹೊಪ್ಪಳಿಕೆ ಏಳುತ್ತಿತ್ತು. ನೀರು ಕೊಡಲು ಹೋದ ಹುಡುಗಿ, “ನಮ್ಮ ಗಂಜಿ ಬಳದು ನೋಡ್ರಿ,” ಅಂದಳು. ಬಣ್ಣ ನಿಂತಿತು. ಆ ಹುಡುಗಿ ಅವರ ಹಿಂದೆ ಹಿರಿಯೂರಿಗೆ ಬಂದಳು.

ಮುರುಗಪ್ಪನವರಿಗೆ ಆಗಲೇ ಹೊಸದುರ್ಗದಲ್ಲಿ ಹೆಂಡತಿ, ಮಕ್ಕಳು ಇದ್ದರು. ಹಬ್ಬಕ್ಕೆ ಅಲ್ಲಿಗೆ ಹೋಗುತ್ತಿದ್ದರು. ಹಬ್ಬದ ದಿನ ಚಿತ್ತಮ್ಮ ಶೆಡ್ಡಿನಲ್ಲಿ ಬಣ್ಣ ಅರೆಯುತ್ತಿದ್ದರು. ಬರಬರುತ್ತ ಮರ, ನೀರು, ಮೋಡ ಎಲ್ಲ ಅವರ ಕೈಗೇ ಬಂತು. ಗಿರಾಕಿಗಳ ಜೊತೆ ಮಾತು, ಕೊನೆಯಲ್ಲಿ ಬಲಗಡೆ ಮೂಲೆಯ ಹೆಸರು, ಇವೆರಡು ಮಾತ್ರ ಮುರುಗಪ್ಪನವರದು.

ನಮ್ಮ ಕಡೆ ಹೊಸ ಪರದೆಗೆ ಮೊದಲ ಆಟದ ದಿನ ಪೂಜೆ ಮಾಡುತ್ತಾರೆ. ಮೂಲೆಯಲ್ಲಿ ಯಾರ ಹೆಸರಿದೆಯೋ ಅವರನ್ನು ಸ್ಟೇಜಿಗೆ ಕರೆದು ಶಾಲು ಹೊದಿಸಿ, ಒಡೆದ ಕಾಯಿಯ ಒಂದು ಹೋಳು ಕೊಡುತ್ತಾರೆ. ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಆ ಹೋಳು ಮುರುಗಪ್ಪನವರ ಕೈಗೇ ಹೋಯಿತು. ಚಿತ್ತಮ್ಮ ಹಿಂದುಗಡೆ ಪರದೆಯ ಹಗ್ಗ ಹಿಡಿದಿರುತ್ತಿದ್ದರು.

ಇದನ್ನೆಲ್ಲ ನಾನು ಅನುಪಮಾಗೆ ಹೇಳಿದೆ. ಅವಳು ನನ್ನ ಜೊತೆ ಓದಿದವಳು, ಚಿತ್ರದುರ್ಗದಲ್ಲಿ ನಾಟಕದ ತಂಡ ನಡೆಸುತ್ತಾಳೆ. ಚಿತ್ತಮ್ಮನವರ ಒಪ್ಪಿಗೆ ಕೇಳಿ, ಅವರ ಮೇಲೆಯೇ ನಾಟಕ ಬರೆದಳು. ಅದಕ್ಕೆ ಕಾಡಿನ ಪರದೆಯನ್ನೂ ಅವರಿಂದಲೇ ಬರೆಸಿದಳು.

“ಮೂಲೆ ಖಾಲಿ ಬಿಡಿ ಅಮ್ಮ. ನಾಟಕ ಮುಗಿದ ಮೇಲೆ ನೀವೇ ಸ್ಟೇಜಿಗೆ ಬಂದು ಎಲ್ಲರ ಮುಂದೆ ನಿಮ್ಮ ಹೆಸರು ಬರೀಬೇಕು,” ಅಂದಳು.

“ಈ ವಯಸ್ಸಿನಾಗ ನನ್ನ ಕುಣಿಸ್ತೀಯೇನವ್ವ?” ಎಂದು ಚಿತ್ತಮ್ಮ ನಕ್ಕರು. ಆದರೆ ಮುಂದಿನ ವಾರ ನಾನು ಹೋದಾಗ ಹಳೇ ಬಟ್ಟೆಯ ತುಂಡಿನ ಮೇಲೆ ಹೆಸರು ಬರೆದು ನೋಡುತ್ತಿದ್ದರು. “ಡೊಂಕಾದ್ರೆ ಮರ್ಯಾದಿ ಹೋಗ್ತೈತೆ,” ಅಂದರು. ಆ ಹೆಸರು ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಆಗ ಗೊತ್ತಾಯಿತು.

ನಾಟಕದ ಸಂಜೆ ಚಿತ್ರದುರ್ಗದಲ್ಲಿ ಚಿತ್ತಮ್ಮ ನನ್ನ ಪಕ್ಕ ಕೂತಿದ್ದರು. ತಂಡದ ಲತಾ ಚಿತ್ತಮ್ಮನ ಪಾತ್ರ ಮಾಡಿದ್ದಳು, ಪ್ರದೀಪ ಮುರುಗಪ್ಪನದು. ಲತಾ ಬ್ರಷ್ಷು ಹಿಡಿದು ಕೇಳಿದಳು: “ಒಂದ್ಸಲ ನನ್ನ ಹೆಸರು ಬರೀರಿ.”

ಪ್ರದೀಪ ಬೀಡಿ ತೆಗೆದು ನಿಧಾನವಾಗಿ ನಕ್ಕ. “ನಿನ್ನ ಹೆಸರಾ? ಕುರಿ ಕಾಯೋಳ ಹೆಸರು ನೋಡಿ ಯಾವನು ಪರದೆ ತಗಂತಾನೆ?”

ಹಿಂದಿನ ಸಾಲಿನಲ್ಲಿ ಯಾರೋ ಥೂ ಅಂದರು. ಲತಾ ಸಿಟ್ಟಾದಾಗ ಚಪ್ಪಾಳೆ ಬಿತ್ತು. ಸ್ವಲ್ಪ ಹೊತ್ತಿಗೆ ಚಿತ್ತಮ್ಮ ಎದ್ದು ಹೋದರು. ನೀರು ಕುಡಿಯಲು ಹೋದರು ಅಂದುಕೊಂಡೆ.

ಕೊನೆಗೆ ಅನುಪಮಾ ಮೈಕಿನಲ್ಲಿ ಕರೆದಳು. ಮತ್ತೆ ಕರೆದಳು. ಯಾರೂ ಬರಲಿಲ್ಲ. ಬಣ್ಣದ ಡಬ್ಬಿ, ಬ್ರಷ್ಷು, ಖಾಲಿ ಮೂಲೆ ಹಾಗೇ ಇದ್ದವು. ನಾಟಕ ಮುಗಿಯುವುದೇ ಹೀಗೆ ಅಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಹಿರಿಯೂರಿನ ಬಸ್ಸು ಹತ್ತಿ ನೋಡಿದರೆ ಚಿತ್ತಮ್ಮ ಕಿಟಕಿಯ ಪಕ್ಕ ಕೂತಿದ್ದರು.

“ಯಾಕೆ ಎದ್ದು ಬಂದ್ರಿ ಅಮ್ಮ? ಮುರುಗಪ್ಪನವರು ಹಂಗಂದಿರಲಿಲ್ವಾ?”

“ನಂಗೇನು ಗೊತ್ತು ಮೇಷ್ಟ್ರೇ. ಹೆಸ್ರು ಬರಿ ಅಂತ ನಾನು ಕೇಳೇ ಇಲ್ಲ.”

“ಒಂದು ಸಲವೂ?”

“ಕೇಳಿದ್ರೆ ಬರೀತಿದ್ದ ಅಂದ್ಕಂಡೇ ಇಷ್ಟು ಕಾಲ ಬಾಳ್ವೆ ಮಾಡ್ದೆ. ಬರಿಯಲ್ಲ ಅಂದ್ಬಿಟ್ರೆ ಎಲ್ಲಿಗೆ ಹೋಗ್ಲಿ ಅಂತ ಕೇಳ್ಲಿಲ್ಲ. ಇವತ್ತು ಆ ಹುಡುಗ ಬರಿಯಲ್ಲ ಅಂದ.”

“ಅದು ಅನುಪಮಾ ಬರೆದ ಮಾತು ಅಮ್ಮ.”

“ಮಾತು ಆ ಅವ್ವಂದೇ. ಆ ಹುಡುಗನ ನಗು ಮಾತ್ರ ಥೇಟ್ ನಮ್ಮ ಆತಂದೇ ಇತ್ತು.”

ಬಸ್ಸು ಹೊರಡುವಾಗ ಕಂಡಕ್ಟರ್ ನನಗೆ ಇಳಿಯಲು ಹೇಳಿದ.

ಆ ವಾರವೇ ಅನುಪಮಾ ಶೆಡ್ಡಿಗೆ ಬಂದು, ಆ ದೃಶ್ಯ ತೆಗೆಯುತ್ತೇನೆ ಅಂದಳು. “ತೆಗೀಬ್ಯಾಡವ್ವ, ಜನಕ್ಕೆ ಅದೇ ಹಿಡಿಸೈತೆ. ನನ್ನ ಮಾತ್ರ ಕರೀಬ್ಯಾಡ,” ಅಂದರು ಚಿತ್ತಮ್ಮ. ಖಾಲಿ ಮೂಲೆಯಲ್ಲಿ ನಿಮ್ಮ ಹೆಸರು ನಾನೇ ಬರೆಸಲೇ ಅಂತ ಅನುಪಮಾ ಕೇಳಿದ್ದಕ್ಕೆ ಬೇಡ ಅಂತ ತಲೆ ಅಲ್ಲಾಡಿಸಿದರು. “ಆತ ಒಲ್ಲೆ ಅಂದ ಜಾಗ ಅದು.” ಬೇಸಿಗೆ ಮುಗಿಯುವಷ್ಟರಲ್ಲಿ ಪರದೆಗಳನ್ನೆಲ್ಲ ಅನುಪಮಾಳ ತಂಡಕ್ಕೆ ಕೊಟ್ಟು, ಶೆಡ್ಡು ಖಾಲಿ ಮಾಡಿದರು.

ಈಗ ಚಿತ್ತಮ್ಮ ಬಬ್ಬೂರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದಾರೆ. ಸಸಿ ಬೆಳೆಸುವ ತೋಟಕ್ಕೆ ದಿನಗೂಲಿಗೆ ಹೋಗಿ ಪಾಕೀಟುಗಳಿಗೆ ಮಣ್ಣು ತುಂಬುತ್ತಾರೆ. ಪರದೆ ಬರೆಯುವುದಿಲ್ಲ.